ಮೂವತ್ತಾರನೇ ನಿಮಿಷದಲ್ಲಿ ಎದ್ದ ತಪ್ಪಿಗೆ

ಎಲ್ಲಿಗೂ ಹೋಗಬೇಡಿ, ಇದೊಂದನ್ನು ಕೇಳಿ ಮುಗಿಸಿ. ಇಂಗ್ಲೆಂಡಿಗೆ ಹೋಗಿ ಬಂದವರು ಅರಮನೆ, ಗಡಿಯಾರದ ಗೋಪುರ, ಕೆಂಪು ಬಸ್ಸು ಅಂತ ಬರೆಯುತ್ತಾರೆ. ನಾನು ಅದು ಯಾವುದನ್ನೂ ನೋಡಲಿಲ್ಲ. ನಾನು ನೋಡಿದ್ದು ಒಂದು ಸಣ್ಣ ಊರಿನ ಫುಟ್‌ಬಾಲ್ ಮೈದಾನವನ್ನು. ಅಲ್ಲಿ ನನ್ನ ಅಮ್ಮ ಮಾಡಿದ ಪುಂಡಿ ಎಂಬ ಅಕ್ಕಿ ಉಂಡೆಯಿಂದಾಗಿ ಒಬ್ಬ ಮ್ಯಾನೇಜರನ ಕೆಲಸ ಹೋಗುವುದರಲ್ಲಿತ್ತು. ಪುಂಡಿ ಬರಲಿಕ್ಕೆ ಸ್ವಲ್ಪ ಹೊತ್ತು ಉಂಟು. ಅಷ್ಟರವರೆಗೆ ಕೂತಿರಿ.

ತೋಡಾರು, ಹೊರಡುವ ಹಿಂದಿನ ದಿನ

ನಾನು ನಮ್ಮ ತೋಡಾರಿನ ಫುಟ್‌ಬಾಲ್ ತಂಡದ ಕೋಚ್. ಆಗಿ ಒಂದು ತಿಂಗಳಾಯಿತಷ್ಟೆ. ನಾನು ಒದ್ದ ಚೆಂಡು ಎಲ್ಲಿಗೆ ಹೋಗುತ್ತದೆ ಎಂದು ನನಗೂ ಚೆಂಡಿಗೂ ಗೊತ್ತಿರುವುದಿಲ್ಲ. ಆದರೆ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ಯಾರು ಎಲ್ಲಿಗೆ ಓಡಬೇಕೆಂದು ಬಾಣದ ಗುರುತು ಹಾಕಿ ಹಾಕಿ ಎರಡು ನೋಟ್‌ಬುಕ್ ತುಂಬಿಸಿದ್ದೇನೆ. ನನ್ನ ಡಿಗ್ರಿ ಅದೇ. ಹಳೆಯ ಕೋಚ್ ಮಸ್ಕತ್ತಿಗೆ ಕೆಲಸಕ್ಕೆ ಹೋದಾಗ ಮುಂದೆ ಯಾರು ಎಂಬ ಪ್ರಶ್ನೆ ಬಂತು. ಎಲ್ಲರೂ ತಮ್ಮ ಶೂ ಲೇಸ್ ನೋಡಿಕೊಂಡರು. ಚಪ್ಪಲಿ ಹಾಕಿದ್ದವನು ನಾನೊಬ್ಬನೇ.

ಮೊದಲ ಮ್ಯಾಚು ಉಳ್ಳಾಲದವರ ಮೇಲೆ. ಉಳ್ಳಾಲದಲ್ಲಿ ಮಕ್ಕಳು ನಡೆಯುವ ಮೊದಲೇ ಒದೆಯಲು ಕಲಿಯುತ್ತಾರೆ. ಐದು ಸೊನ್ನೆ. ಎರಡನೆಯದು ಪಾಣೆಮಂಗಳೂರಿನವರ ಮೇಲೆ. ಮೂರು ಸೊನ್ನೆ. ಸೊನ್ನೆ ಎರಡೂ ಸಲ ನಮ್ಮದೇ. ಮೂರನೆಯದು ಕಳೆದ ವರ್ಷ ಕಪ್ ಎತ್ತಿದ ಬೆಳ್ತಂಗಡಿಯವರ ಮೇಲೆ, ನಾನು ಇಂಗ್ಲೆಂಡಿನಿಂದ ವಾಪಸು ಬಂದ ಮರುದಿನ. ಯಾರ ಮೇಲೆ ಯಾರು ಎಂದು ಚೀಟಿ ಎತ್ತಿದವನು ನಮ್ಮ ಗೋಲ್‌ಕೀಪರ್ ಮತ್ತು ಕ್ಯಾಪ್ಟನ್ ಅಶ್ರಫ್. ಆ ಕೈಯ ಬಗ್ಗೆ ಮಾತ್ರ ಯಾರೂ ಏನೂ ಹೇಳಲಿಲ್ಲ.

ನಮ್ಮ ಕಡೆ ಎದುರೆದುರು ಬೈಯುವ ಅಭ್ಯಾಸ ಇಲ್ಲ. ಸೋತ ದಿನ ಎಲ್ಲರೂ ನನಗೆ ಲಿಂಬೆ ಶರಬತ್ತು ಕುಡಿಸಿದರು, "ಪರವಾಗಿಲ್ಲ ಕೋಚೇ" ಎಂದರು, ಮನೆಗೆ ಹೋಗಿ ತಂಡದ ಮೊಬೈಲ್ ಗ್ರೂಪಿನಲ್ಲಿ ಪೋಲ್ ಹಾಕಿದರು. ಕೋಚ್ ಮುಂದುವರಿಯಬೇಕಾ? ಹೌದು, ಒಂದು ವೋಟು. ಇಲ್ಲ, ಆರು. ಬೆಳ್ತಂಗಡಿ ಮ್ಯಾಚ್ ಆದ ಮೇಲೆ ನೋಡುವ, ಏಳು. ಆ ಒಂದು ವೋಟು ಯಾರದ್ದೆಂದು ಕೇಳಬೇಡಿ.

ಅಶ್ರಫನ ತಂದೆಯ ಚಪ್ಪಲಿ ಅಂಗಡಿಗೆ ಹೋಗಿ ಕೇಳಿದೆ. "ಅಲ್ಲ ಮಾರಾಯ, ಕಂಬಳದ ಹೊಸ ಕೋಣಕ್ಕೂ ಎರಡು ಸೀಸನ್ ಟೈಮ್ ಕೊಡುವ ಊರು ಇದು. ನನಗೆ ಎರಡೇ ಮ್ಯಾಚಾ?"

"ಕೋಣ ಓಡ್ತದೆ," ಎಂದ ಅಶ್ರಫ್, ಒಂದು ಚಪ್ಪಲಿ ಒರೆಸುತ್ತಾ. "ನೀನು ಬಾಣ ಮಾತ್ರ ಬಿಡಿಸ್ತಿ."

"ನೀನು ಯಾವುದಕ್ಕೆ ಹಾಕಿದ್ದು ವೋಟು?"

"ಅದು ಗುಪ್ತ ಮತದಾನ."

"ಗುಪ್ತ ಎಂತದು? ಹೆಸರು ಕಾಣ್ತದೆ ಅದರಲ್ಲಿ. 'ಇಲ್ಲ' ಅಂತ ಒತ್ತಿದ್ದಿ ನೀನು."

"ಗೊತ್ತುಂಟಲ್ಲ, ಮತ್ತೆ ಯಾಕೆ ಕೇಳ್ತಿ? ಇಂಗ್ಲೆಂಡಿನಿಂದ ಚಾಕಲೇಟ್ ತಾ."

ವಿಮಾನ ಹತ್ತುವ ಮೊದಲು

ಅಕ್ಕನಿಗೆ ಮಗುವಾಗಿತ್ತು. ಅಮ್ಮ ಬಾಣಂತನಕ್ಕೆ ಹೊರಟಿದ್ದರು, ನಾನು ಅಮ್ಮನನ್ನು ಬಿಟ್ಟು ಬರಲಿಕ್ಕೆ. ಅಮ್ಮನ ಚೀಲದಲ್ಲಿ ನಾಲ್ಕು ಕಿಲೋ ಅಕ್ಕಿ ತರಿ ಇತ್ತು. ತಪಾಸಣೆಯವರು ತಡೆದು, "ಇದೆಂತ ಪುಡಿ ಅಮ್ಮಾ?" ಎಂದರು.

"ಪುಂಡಿ ಮಾಡ್ಲಿಕ್ಕೆ," ಎಂದು ಅಮ್ಮ ಶುರು ಮಾಡಿದರು. "ನೀರು ಕುದಿಸಿ, ಉಪ್ಪು ಹಾಕಿ, ತರಿ ಹಾಕಿ ಮಗುಚಿ, ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುವುದು."

"ತೆಂಗಿನಕಾಯಿ ಹಾಕುದಿಲ್ವಾ?"

"ಹಾಕದೆ ಮತ್ತೆ!"

"ಅಂದಾಜು ಎಷ್ಟು?"

ಹಿಂದೆ ಐವತ್ತು ಜನ ನಿಂತಿದ್ದರು. ಹೆಚ್ಚಿನವರು ನಮ್ಮ ಕಡೆಯವರೇ. ಒಬ್ಬರು ಹಿಂದಿನಿಂದ ಅರ್ಧ ಕಾಯಿ ಸಾಕು ಎಂದರು. ಅಮ್ಮ ಒಪ್ಪಲಿಲ್ಲ. ಆ ಚರ್ಚೆ ಮುಗಿದ ಮೇಲೆ ನಮ್ಮನ್ನು ಒಳಗೆ ಬಿಟ್ಟರು.

ಅಕ್ಕನ ಊರು, ಮೂರನೆಯ ದಿನ

ಉತ್ತರ ಇಂಗ್ಲೆಂಡಿನ ಡಿಸೆಂಬರಿನಲ್ಲಿ ಸೂರ್ಯ ಕಚೇರಿ ಗುಮಾಸ್ತರಂತೆ ತಡವಾಗಿ ಬಂದು ಬೇಗ ಹೋಗುತ್ತಾನೆ. ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಅಸ್ತಮಾನ. ಬೇರೆಯವರಿಗೆ ಇದು ಹವಾಮಾನ, ನಮಗೆ ಸಮಸ್ಯೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಊರಿನಲ್ಲಿ ಆರು ಗಂಟೆಯವರೆಗೆ ಆರಾಮ. ಇಲ್ಲಿ ಒಂದು ಗಂಟೆಗೆ ಮಧ್ಯಾಹ್ನದ ಊಟ, ಮೂರೂವರೆಗೆ ರಾತ್ರಿಯದ್ದು. ಆಮೇಲೆ ಮರುದಿನ ಬೆಳಗ್ಗಿನವರೆಗೆ ನೀರೂ ಇಲ್ಲದೆ ಮಗುವಿನ ಮುಖ ನೋಡಿಕೊಂಡು ಕೂತಿರುವುದು.

ಈ ವಿಷಯದಲ್ಲಿ ನನ್ನ ಕಷ್ಟ ಅರ್ಥವಾಗುವುದು ಅಶ್ರಫನಿಗೆ ಮಾತ್ರ. ರಂಜಾನಿನಲ್ಲಿ ಪ್ರಾಕ್ಟೀಸ್ ಮುಗಿಸಿ ಇಬ್ಬರೂ ಮೈದಾನದ ಕಟ್ಟೆಯಲ್ಲಿ ಕೂತು ಪಡುವಣ ನೋಡುತ್ತಿದ್ದೆವು. ಸೂರ್ಯ ಮುಳುಗುವ ಮೊದಲು ನಾನು ತಿಂದು ಮುಗಿಸಬೇಕು, ಮುಳುಗಿದ ಮೇಲೆ ಅವನು ತಿನ್ನಲು ಶುರು ಮಾಡಬೇಕು. "ನೀನು ಬೇಗ ಬೇಗ ನುಂಗು, ನನಗೆ ನೋಡಿ ಹೊಟ್ಟೆ ಉರಿತದೆ," ಎನ್ನುತ್ತಿದ್ದ.

ಅಕ್ಕನ ಪಕ್ಕದ ಮನೆಯವರು ಕೆನ್ ಅಜ್ಜ. ಪರಿಚಯವಾದದ್ದು ಕಸದಿಂದ. ಅಲ್ಲಿ ಹಸಿರು ಡಬ್ಬಿಗೆ ಒಂದು ದಿನ, ನೀಲಿ ಡಬ್ಬಿಗೆ ಒಂದು ದಿನ, ಕಪ್ಪಿಗೆ ಇನ್ನೊಂದು ದಿನ. ನಾನು ಉತ್ಸಾಹದಲ್ಲಿ ಮೂರೂ ಡಬ್ಬಿಗಳನ್ನು ತೋರಣ ಕಟ್ಟಿದ ಹಾಗೆ ರಸ್ತೆಯಲ್ಲಿ ಸಾಲಾಗಿ ಇಟ್ಟೆ. ಕೆನ್ ಅಜ್ಜ ಚಪ್ಪಲಿಯಲ್ಲೇ ಓಡಿ ಬಂದು ಎರಡನ್ನು ಒಳಗೆ ನೂಕಿದರು. ನನ್ನ ಟೀ ಶರ್ಟಿನ ಮೇಲೆ ಚೆಂಡಿನ ಚಿತ್ರ ಕಂಡಿತು. ಅಲ್ಲಿಂದ ಮಾತು ಶುರು, ನಲವತ್ತು ನಿಮಿಷ, ಮಂಜಿನಲ್ಲಿ ನಿಂತು.

ಕೆನ್ ಅಜ್ಜ ಮಾತಾಡಿದ್ದು ಇಂಗ್ಲಿಷ್. ನಾನು ಬರೆಯುವುದು ನನಗೆ ಕೇಳಿಸಿದ ಹಾಗೆ. 'ಮಾರಾಯ' ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಧ್ವನಿಯಲ್ಲಿ ಇತ್ತು.

"ನಮ್ಮ ಕ್ಲಬ್ಬಿಗೆ ಹೊಸ ಮ್ಯಾನೇಜರ್ ಬಂದಿದ್ದಾನೆ ಮಾರಾಯ. ಮೂರು ಮ್ಯಾಚು, ಮೂರೂ ಸೋಲು. ಆದರೆ ಯಾರ ಮೇಲೆ? ಒಂದನೇ ನಂಬ್ರದವರು, ಎರಡನೇ ನಂಬ್ರದವರು, ಮೂರನೇ ನಂಬ್ರದವರು. ಬರುವ ಶನಿವಾರ ನಾಲ್ಕನೇ ನಂಬ್ರದವರು!"

ನನ್ನ ಕಣ್ಣು ತುಂಬಿತು. ಚಳಿಗೆ ಎಂದು ಅವರು ತಿಳಿದುಕೊಂಡರು.

"ನೀವು ಅವನನ್ನು ತೆಗೆಯುತ್ತೀರಾ?" ಎಂದು ಕೇಳಿದೆ.

"ಹುಚ್ಚಾ ನಿನಗೆ? ಮೈದಾನದಲ್ಲಿ ನಾವು ಕೂರುವ ಸಾಲಿನಲ್ಲಿ ಒಂದು ಕಾನೂನು ಉಂಟು. ಹೊಸಬನಿಗೆ ಹತ್ತು ಮ್ಯಾಚು. ಅಷ್ಟರವರೆಗೆ ಎಷ್ಟು ಬೇಕಾದರೂ ಬೈಯಬಹುದು, ಆದರೆ ಮಧ್ಯದಲ್ಲಿ ಎದ್ದು ನಿಲ್ಲಬಾರದು. ಎದ್ದು ನಿಂತರೆ ಮುಗಿಯಿತು ಅಂತ ಅರ್ಥ. ಹಿಂದಿನ ಮ್ಯಾನೇಜರನನ್ನು ಕಳಿಸಿದ್ದು ಹಾಗೇ. ಒಂದು ಶನಿವಾರ ಇಡೀ ಸ್ಟ್ಯಾಂಡ್ ಎದ್ದು ನಿಂತಿತು, ಸೋಮವಾರ ಅವನಿಲ್ಲ."

ಈ ಮಾತನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರೆದುಕೊಂಡೂ ಮರೆತೆ.

ಶನಿವಾರ, ಮಧ್ಯಾಹ್ನ ಮೂರು ಗಂಟೆ

ಕೆನ್ ಅಜ್ಜ ಮತ್ತು ನಾನು ಮೈದಾನಕ್ಕೆ ಹೋಗಿ ಕೂತೆವು. ಮರದ ಕುರ್ಚಿಗಳ ಸಣ್ಣ ಸ್ಟ್ಯಾಂಡ್. ನಮ್ಮ ಸಾಲಿನಲ್ಲಿ ಹದಿನಾಲ್ಕು ಅಜ್ಜಂದಿರು, ಸರಿಯಾಗಿ ಮಧ್ಯದಲ್ಲಿ ನಾನು. ಎಲ್ಲರ ಕೈಯಲ್ಲೂ ಬಿಸಿ ಮಾಂಸದ ಪೈ. ನನ್ನ ತೊಡೆಯ ಮೇಲೆ ಅಮ್ಮ ಕೊಟ್ಟ ಸ್ಟೀಲಿನ ಡಬ್ಬಿ, ಅದರಲ್ಲಿ ಎಂಟು ಪುಂಡಿ ಮತ್ತು ಕಾಯಿ ಚಟ್ನಿ. "ಮೂರೂವರೆಗೆ ತಿಂದು ಬಿಡು, ನೆನಪುಂಟಲ್ಲ?" ಎಂದು ಅಮ್ಮ ಬಾಗಿಲಿನವರೆಗೆ ಬಂದು ಹೇಳಿದ್ದರು.

ಇಷ್ಟು ಬೈಗಳು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಎಡಗಡೆಯ ಅಜ್ಜ ರೆಫ್ರಿಯ ಕಣ್ಣಿನ ಬಗ್ಗೆ, ಬಲಗಡೆಯ ಅಜ್ಜ ನಂಬ್ರ ನಾಲ್ಕರ ಕಾಲಿನ ಬಗ್ಗೆ, ಅವರಾಚೆ ಕೂತ ಕೆನ್ ಅಜ್ಜ ಮ್ಯಾನೇಜರನ ಅಂಗಿ, ಟೊಪ್ಪಿ, ಶಾಲೆಯಲ್ಲಿ ಕಲಿಸಿದ ಟೀಚರು, ಎಲ್ಲದರ ಬಗ್ಗೆ. ಮ್ಯಾನೇಜರ್ ನಮ್ಮ ಮುಂದೆ ಕಂಬಿಯ ಆಚೆ, ಕೇಳಿಸುವಷ್ಟು ಹತ್ತಿರದಲ್ಲೇ ನಿಂತಿದ್ದ. ತಿರುಗಿ ನೋಡಲಿಲ್ಲ. ಕೆನ್ ಅಜ್ಜ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ನನ್ನ ಕಡೆ ಬಾಗಿ, "ಒಳ್ಳೆಯ ಹುಡುಗ ಇವ ಮಾರಾಯ. ಬುದ್ಧಿವಂತ," ಎಂದರು. ಆಮೇಲೆ ಎದ್ದೇಳದೆ, ಕೂತಲ್ಲಿಂದಲೇ ಪುನಃ ಬೈಯಲು ಶುರು.

ನನಗೆ ಆ ಮ್ಯಾನೇಜರನ ತಂಡದ ಆಟದಲ್ಲಿ ನನ್ನ ಬಾಣಗಳೇ ಕಾಣತೊಡಗಿದವು. ಎಡದಿಂದ ಬಲಕ್ಕೆ ಸಣ್ಣ ಪಾಸು, ತಾಳ್ಮೆ, ಮತ್ತೆ ಸಣ್ಣ ಪಾಸು. ಫಲಿತಾಂಶವೂ ನಮ್ಮದೇ. ಇಪ್ಪತ್ತನೇ ನಿಮಿಷಕ್ಕೆ ಒಂದು ಗೋಲು ತಿಂದರು, ಮೂವತ್ತನೆಯದಕ್ಕೆ ಇನ್ನೊಂದು. ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಊರು, ಪೋಲು, ಹಸಿವು ಯಾವುದೂ ನೆನಪಿರಲಿಲ್ಲ. ಆಗ ಬೆಳಕು ಮಂಕಾಯಿತು. ಆಕಾಶ ನೋಡಿದೆ. ಗಡಿಯಾರ ನೋಡಿದೆ.

ಮೂರು ಗಂಟೆ ಮೂವತ್ತಾರು ನಿಮಿಷ

ಸೂರ್ಯನಿಗೆ ಇನ್ನು ಒಂಬತ್ತು ನಿಮಿಷ. ಎರಡೂ ಕಡೆ ಮಾಂಸದ ಪೈ ಇಟ್ಟುಕೊಂಡು ನಡುವೆ ಕೂತು ತಿನ್ನಲು ಮನಸ್ಸು ಬರಲಿಲ್ಲ. ಕೈಯನ್ನೂ ತೊಳೆಯಬೇಕು. ನಾನು ಎದ್ದೆ.

ನಾನು ಎದ್ದೆ ಎಂದು ದಾರಿ ಬಿಡಲು ಪಕ್ಕದ ಅಜ್ಜ ಎದ್ದರು. ಅವರ ಪಕ್ಕದವರು ಎದ್ದರು. ಒಬ್ಬೊಬ್ಬರಾಗಿ ನಮ್ಮ ಸಾಲಿನ ಏಳು ಅಜ್ಜಂದಿರು, ಪೈ ಎತ್ತಿ ಹಿಡಿದುಕೊಂಡು, ಮೊಣಕಾಲು ಹಿಡಿದುಕೊಂಡು ಎದ್ದು ನಿಂತರು. ಹಿಂದಿನ ಸಾಲಿನವರಿಗೆ ಎದುರು ಏನೂ ಕಾಣಲಿಲ್ಲ, ಏಳು ಬೆನ್ನು ಮಾತ್ರ ಕಂಡಿತು. "ಏನು, ಇವತ್ತೇನಾ?" ಎಂದು ಒಬ್ಬರು ಕೇಳಿದ್ದು ನನಗೆ ಕೇಳಿಸಿತು. ಅವರೂ ಎದ್ದರು. ಅವರ ಹಿಂದಿನವರೂ ಎದ್ದರು. ಕುರ್ಚಿಗಳು ಟಪ ಟಪ ಮಡಚಿಕೊಳ್ಳುವ ಶಬ್ದ ಮಳೆ ಬಂದ ಹಾಗೆ ಮೇಲಿನವರೆಗೂ ಹೋಯಿತು.

ಆಗ ಯಾರದ್ದೋ ಮೊಣಕಾಲು ನನ್ನ ಡಬ್ಬಿಗೆ ತಾಗಿತು. ಮುಚ್ಚಳ ಹಾರಿತು.

ಬಿಸಿ ಪುಂಡಿ ಹತ್ತಿಯ ಹಾಗೆ ಇರುತ್ತದೆ. ಇಂಗ್ಲೆಂಡಿನ ಚಳಿಯಲ್ಲಿ ಒಂದು ಗಂಟೆ ಇಟ್ಟ ಪುಂಡಿ ಬೇರೆಯೇ ಜಾತಿ. ಆರು ಪುಂಡಿ ಕೆಳಗೆ ಬಿದ್ದು ಮೆಟ್ಟಿಲಿನಿಂದ ಮೆಟ್ಟಿಲಿಗೆ ಟಕ್ ಟಕ್ ಎಂದು ಹಾರುತ್ತಾ ಇಳಿದವು. ಐದು ಕಂಬಿಗೆ ತಾಗಿ ನಿಂತವು. ಒಂದು ಕಂಬಿಯ ಅಡಿಯಿಂದ ನುಸುಳಿ, ಗೆರೆಯ ಪಕ್ಕದಲ್ಲೇ ಉರುಳಿ, ಮ್ಯಾನೇಜರನ ಶೂಗೆ ತಾಗಿ ನಿಂತಿತು. ಆ ದಿನ ಅವನ ಕಡೆಯಿಂದ ಗುರಿ ಮುಟ್ಟಿದ ಮೊದಲ ಪಾಸು ಅದು.

ಅವನು ಕೆಳಗೆ ನೋಡಿದ. ಬಿಳಿಯ, ಗುಂಡಗಿನ, ಗಟ್ಟಿಯಾದ ಒಂದು ವಸ್ತು. ತಿರುಗಿ ಮೇಲೆ ನೋಡಿದ. ಇಡೀ ಸ್ಟ್ಯಾಂಡ್ ಎದ್ದು ನಿಂತಿತ್ತು.

ಆ ಮುಖ ನನಗೆ ಗೊತ್ತು. ತೋಡಾರಿನಲ್ಲಿ, ಗ್ರೂಪಿನಲ್ಲಿ ಪೋಲ್ ಬಂದ ದಿನ, ನನ್ನ ಮೊಬೈಲಿನ ಕಪ್ಪು ಗಾಜಿನಲ್ಲಿ ಅದೇ ಮುಖ ಕಂಡಿತ್ತು.

"ಕೂತ್ಕೊಳ್ಳಿ! ಎಲ್ಲರೂ ಕೂತ್ಕೊಳ್ಳಿ!" ಎಂದು ಕೆನ್ ಅಜ್ಜ ಕಿರುಚಿದರು. "ಇದು ನಾಲ್ಕನೇ ಮ್ಯಾಚು! ಹುಡುಗನಿಗೆ ಹಸಿವಾದದ್ದು, ಅಷ್ಟೇ!"

ಹಳದಿ ಕೋಟಿನ ಕಾವಲಿನವಳು ಬಂದು ನನ್ನ ತೋಳು ಹಿಡಿದಳು. ಇನ್ನೊಂದು ಕೈಯ ಎರಡು ಬೆರಳಿನಲ್ಲಿ ಒಂದು ಪುಂಡಿ.

"ಇದನ್ನು ಮ್ಯಾನೇಜರಿಗೆ ಎಸೆದದ್ದು ನೀನಾ?"

"ಎಸೆದದ್ದಲ್ಲ, ಉರುಳಿದ್ದು. ಅದು ಅಕ್ಕಿ."

ಅವಳು ಅದನ್ನು ಕಂಬಿಗೆ ಕುಟ್ಟಿ ನೋಡಿದಳು. ಟಣ್ ಎಂದಿತು. "ಅಕ್ಕಿ?"

"ತಿನ್ನುವುದು ಮೇಡಂ. ನನ್ನ ಅಮ್ಮ ಮಾಡಿದ್ದು."

"ಹಾಗಾದರೆ ತಿಂದು ತೋರಿಸು."

ಮೂರು ನಲವತ್ತೊಂದು. ಡಬ್ಬಿಯಲ್ಲಿ ಬೀಳದೆ ಉಳಿದದ್ದು ಎರಡು. ಕೈ ತೊಳೆಯುವುದು ಹೋಗಲಿ ಎಂದುಕೊಂಡು ಚಟ್ನಿಯಲ್ಲಿ ಅದ್ದಿ, ಸಾಕ್ಷಿಗಳ ಎದುರು, ಹಲ್ಲಿಗೆ ಆದದ್ದಾಗಲಿ ಎಂದು ತಿಂದೆ. ಸೂರ್ಯನಿಗೆ ಎರಡು ನಿಮಿಷ ಬಾಕಿ ಇರುವಾಗ ನುಂಗಿ ಮುಗಿಸಿದೆ. ಕಾವಲಿನವಳು ನನ್ನ ಬಾಯಿ ಖಾಲಿಯಾದದ್ದನ್ನು ನೋಡಿ ತೋಳು ಬಿಟ್ಟಳು. ಸ್ಟ್ಯಾಂಡಿನವರು ಚಪ್ಪಾಳೆ ತಟ್ಟಿ ಒಬ್ಬೊಬ್ಬರಾಗಿ ಕೂತರು.

ಇಂಟರ್ವಲ್

ಕೆನ್ ಅಜ್ಜ ನನ್ನನ್ನು ಎಳೆದುಕೊಂಡು ಕಂಬಿಯ ಹತ್ತಿರ ಹೋದರು. ಸಣ್ಣ ಕ್ಲಬ್ಬು, ಮ್ಯಾನೇಜರ್ ಅದೇ ದಾರಿಯಿಂದ ಒಳಗೆ ಹೋಗಬೇಕು. ನಾನು ಸೂರ್ಯ, ಜೈನರು, ಪೈ, ಅಜ್ಜನ ಮೊಣಕಾಲು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಕ್ಷಮೆ ಕೇಳಿದೆ.

ಅವನು ಟೊಪ್ಪಿ ಸರಿಮಾಡಿಕೊಂಡ. ಆಮೇಲೆ, "ಮನೆಗೆ ಫೋನ್ ಮಾಡಿ ಪೆಟ್ಟಿಗೆ ಕಟ್ಟು ಅನ್ನಬೇಕು ಅಂದುಕೊಂಡಿದ್ದೆ," ಎಂದ.

"ನಾನೂ ಒಬ್ಬ ಮ್ಯಾನೇಜರ್," ಎಂದು ನನ್ನ ಬಾಯಿಯಿಂದ ಬಂದು ಹೋಯಿತು.

"ಹೌದಾ? ಎಷ್ಟು ಮ್ಯಾಚಿನಲ್ಲಿ ಎಷ್ಟು ಗೆದ್ದಿದ್ದಿ?"

"ಎರಡರಲ್ಲಿ ಸೊನ್ನೆ."

"ನನ್ನದು ಮೂರರಲ್ಲಿ ಸೊನ್ನೆ," ಎಂದು ಕೈ ಕುಲುಕಿದ. "ಯಾರ ಮೇಲೆ ಆಡ್ತಿ ಅಂತ ಮೊದಲೇ ನಿನ್ನನ್ನು ಕೇಳಿದ್ರಾ?"

"ಇಲ್ಲ. ಗೋಲ್‌ಕೀಪರ್ ಚೀಟಿ ಎತ್ತಿದ್ದು."

ಅವನು ಜೋರಾಗಿ ನಕ್ಕ. ಹೋಗುವಾಗ ಕೆನ್ ಅಜ್ಜನ ಕಡೆ ನೋಡಿ, "ಇವರು ಬಾಯಿ ಮುಚ್ಚಿದ ದಿನ ನನಗೆ ಹೆದರಿಕೆ," ಎಂದ. ಕೆನ್ ಅಜ್ಜ ತಕ್ಷಣ ಅವನ ಟೊಪ್ಪಿಗೆ ಬೈದರು.

ಮ್ಯಾಚು ಮೂರು ಒಂದರಲ್ಲಿ ಸೋತರು. ಕೊನೆಯ ನಿಮಿಷದವರೆಗೆ ಒಬ್ಬರೂ ಏಳಲಿಲ್ಲ. ನಾನಂತೂ ಕಾಲು ಮರಗಟ್ಟಿದರೂ ಏಳಲಿಲ್ಲ. ಹೊರಗೆ ಬರುವಾಗ ಹದಿನಾಲ್ಕು ಅಜ್ಜಂದಿರೂ "ಬರುವ ಶನಿವಾರ" ಎಂದರು. ನಮ್ಮಲ್ಲಿ ಸೋತ ತಂಡದ ಕಡೆಯವರು ಹೀಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಸಿದ್ಧಕಟ್ಟೆ, ಭಾನುವಾರ

ಊರಿಗೆ ಬಂದ ಮರುದಿನ ಸಿದ್ಧಕಟ್ಟೆಯ ಮೈದಾನದಲ್ಲಿ ಬೆಳ್ತಂಗಡಿಯವರ ಮೇಲೆ ಮ್ಯಾಚು. ಬೆಳಿಗ್ಗೆ ಅಕ್ಕನ ಮೆಸೇಜು ಬಂದಿತ್ತು: "ನಿನ್ನೆ ಕೆನ್ ಅಜ್ಜನ ತಂಡ ಸೊನ್ನೆ ಸೊನ್ನೆ. ಬೀದಿಯಲ್ಲಿ ಹಬ್ಬ." ನಾನು ಅದನ್ನು ಶುಭ ಶಕುನವೆಂದು ತೆಗೆದುಕೊಂಡೆ. ಚಾಕಲೇಟ್ ಪಡೆದುಕೊಂಡ ಅಶ್ರಫ್ ಮಾತ್ರ, "ಇವತ್ತು ಸೋತರೆ ಆ ಏಳು ವೋಟೂ 'ಇಲ್ಲ'ದ ಕಡೆಗೆ ಬರ್ತದೆ, ಹೇಳಿಲ್ಲ ಅನ್ಬೇಡ," ಎಂದ.

ಇಂಗ್ಲೆಂಡಿನಲ್ಲಿ ಮೂರು ಗಂಟೆ ಎಂದರೆ ಮೂರು ಗಂಟೆ. ನಮ್ಮಲ್ಲಿ ನಾಲ್ಕು ಗಂಟೆ ಎಂದರೆ ಮುಖ್ಯ ಅತಿಥಿಗಳು ಸ್ನಾನಕ್ಕೆ ಹೊರಡುವ ಹೊತ್ತು. ವೇದಿಕೆಯಲ್ಲಿ ಹನ್ನೊಂದು ಕುರ್ಚಿ, ಹನ್ನೊಂದು ಶಾಲು, ಗಾಳಿಗೆ ಹತ್ತದ ದೀಪ, ಫುಟ್‌ಬಾಲನ್ನು ಕ್ರಿಕೆಟ್ ಎಂದೇ ಕರೆದ ಒಂದು ದೀರ್ಘ ಭಾಷಣ. ಚೆಂಡು ಉರುಳುವಾಗ ಐದು ಗಂಟೆ; ನಮ್ಮಲ್ಲಿ ಹಾಫಿಗೆ ನಲವತ್ತು ನಿಮಿಷ, ಇಂಟರ್ವಲಿಗೆ ಹತ್ತು. ಅಲ್ಲಿಗೆ ನನ್ನ ಲೆಕ್ಕ ತಪ್ಪಿತು. ಹೊತ್ತು ಮುಳುಗುವುದು ಆರು ಹತ್ತಕ್ಕೆ, ಸೆಕೆಂಡ್ ಹಾಫಿನ ಮಧ್ಯದಲ್ಲಿ.

ಇಂಟರ್ವಲಿನಲ್ಲಿ ತಿನ್ನಬಹುದಿತ್ತು. ಆದರೆ ಸೊನ್ನೆ ಒಂದರಲ್ಲಿ ಹಿಂದೆ ಇದ್ದೆವು, ನಾನು ಬಾಣ ಬಿಡಿಸುತ್ತಾ ಕೂತುಬಿಟ್ಟೆ. ಸೆಕೆಂಡ್ ಹಾಫ್ ಶುರುವಾದ ಮೇಲೆ ನಿರ್ಧಾರ ಮಾಡಿದೆ: ಇವತ್ತು ಉಪವಾಸ. ಏಳುವುದಿಲ್ಲ. ಡಬ್ಬಿ ತೆರೆಯುವುದೂ ಇಲ್ಲ. ಇವರು ನನ್ನನ್ನು ತೆಗೆದರೂ, ಕೋಚ್ ಮಧ್ಯದಲ್ಲಿ ಎದ್ದು ಹೋದ ಎಂದು ಯಾರೂ ಹೇಳಬಾರದು.

ಆರು ಗಂಟೆಗೆ ಸರಿಯಾಗಿ ನಮ್ಮ ಗೋಲಿನ ಕಡೆಯಿಂದ ಒಂದು ಕೂಗು. ಅಶ್ರಫ್ ನೆಲದಲ್ಲಿ ಬಿದ್ದಿದ್ದ, ಕಾಲು ಹಿಡಿದುಕೊಂಡು. ಚೆಂಡು ಆಚೆ ತುದಿಯಲ್ಲಿತ್ತು. ಅವನ ಹತ್ತಿರ ಒಂದು ಕಾಗೆಯೂ ಇರಲಿಲ್ಲ.

ರೆಫ್ರಿ ಸೀಟಿ ಊದಿದರು. ನಾನು ನೀರಿನ ಬಾಟಲಿ ಹಿಡಿದುಕೊಂಡು ಓಡಿದೆ.

"ಎಂತ ಆಯ್ತಾ? ಮೀನಖಂಡವಾ? ಮಂಡಿಯಾ?"

"ನೀನು ಯಾಕೆ ಬಂದದ್ದು ಇಲ್ಲಿಗೆ?" ಎಂದು ಅಶ್ರಫ್ ಹಲ್ಲು ಕಚ್ಚಿದ. "ಪಡು ದಿಕ್ಕು ನೋಡು. ಹತ್ತು ನಿಮಿಷ ಉಂಟು. ಹೋಗಿ ತಿನ್ನು."

"ಅಲ್ಲ, ನಿನ್ನ ಕಾಲು..."

"ನನ್ನ ಕಾಲಿಗೆ ಎಂತ ಧಾಡಿ? ನೀನು ತಿಂದು ಮುಗಿಸುವವರೆಗೆ ನೋವುಂಟು. ಬೇಗ ನುಂಗು ಮಾರಾಯ, ಬೆಳ್ತಂಗಡಿಯವರು ಬೈತಿದ್ದಾರೆ!"

ನಾನು ವಾಪಸು ಬಂದು ಕೂತು ಡಬ್ಬಿ ತೆರೆದೆ. ಪುಂಡಿ ಮೆತ್ತಗಿತ್ತು. ಆಚೆ ಇಬ್ಬರು ಹುಡುಗರು ಅಶ್ರಫನ ಒಂದು ಕಾಲು ಎತ್ತಿ ಹಿಡಿದು ನೀರು ಹಾಕುತ್ತಿದ್ದರು. ಅವನು ಆಗಾಗ ತಲೆ ಎತ್ತಿ ನನ್ನ ಡಬ್ಬಿಯಲ್ಲಿ ಎಷ್ಟು ಉಳಿದಿದೆ ಎಂದು ನೋಡುತ್ತಿದ್ದ, ಪುನಃ "ಅಯ್ಯಮ್ಮಾ" ಎಂದು ಮಲಗುತ್ತಿದ್ದ. ನಾನು ಮುಚ್ಚಳ ಹಾಕಿದೆ. ಟಪ್ ಎಂಬ ಶಬ್ದ ಅಲ್ಲಿಯವರೆಗೆ ಕೇಳಿಸಿತೋ ಏನೋ, ಅಶ್ರಫ್ ಎದ್ದು ಎರಡು ಸಲ ಹಾರಿ ಗೋಲಿಗೆ ಹೋಗಿ ನಿಂತ. ಅಷ್ಟು ಬೇಗ ಗುಣವಾದ ಕಾಲನ್ನು ಸಿದ್ಧಕಟ್ಟೆಯವರು ನೋಡಿರಲಿಕ್ಕಿಲ್ಲ.

ಮ್ಯಾಚು ಸೊನ್ನೆ ಒಂದರಲ್ಲೇ ಸೋತೆವು. ಲಿಂಬೆ ಶರಬತ್ತು ಬರಲಿಲ್ಲ. ಅದರ ಬದಲು ಮೊದಲ ಸಲ, ಹದಿಮೂರು ಜನರೂ ಸುತ್ತ ನಿಂತು ಎದುರೆದುರೇ ನನ್ನನ್ನು ಬೈದರು. ನನ್ನ ಬಾಣಗಳಿಗೆ, ನೋಟ್‌ಬುಕ್ಕಿಗೆ, ಚಪ್ಪಲಿಗೆ ಬೈದರು. ನಾನು ಎಷ್ಟು ಖುಷಿಯಾಗಿ ಕೇಳಿದೆನೆಂದರೆ ಅವರಿಗೆ ಸಂಶಯ ಬಂತು. ಕೊನೆಗೆ ಕೆನ್ ಅಜ್ಜನ ಹತ್ತು ಮ್ಯಾಚಿನ ಕಾನೂನು ಹೇಳಿದೆ.

ಮನೆ ಮುಟ್ಟುವಾಗ ಗ್ರೂಪಿನಲ್ಲಿ ಅಶ್ರಫನ ಹೊಸ ಪೋಲ್ ಬಂದಿತ್ತು. ಕೋಚಿಗೆ ಹತ್ತು ಮ್ಯಾಚು ಕೊಡುವ. ಆಯ್ಕೆ ಒಂದು: ಸರಿ. ಆಯ್ಕೆ ಎರಡು: ಸರಿ, ಆದರೆ ದಿನಾಲೂ ಬೈಯುತ್ತೇವೆ. ಮೊದಲನೆಯದಕ್ಕೆ ಒಂದೂ ಇಲ್ಲ. ಎರಡನೆಯದಕ್ಕೆ ಹದಿನಾಲ್ಕು. ಅದರಲ್ಲಿ ಒಂದು ವೋಟು ಯಾರದ್ದೆಂದು ಈಗ ಧೈರ್ಯವಾಗಿ ಕೇಳಬಹುದು.

ನಾಲ್ಕನೇ ಮ್ಯಾಚಿಗೆ ಚೀಟಿ ಎತ್ತುವುದು ಮಾತ್ರ ಬೇರೆಯವರು ಎಂದು ತೀರ್ಮಾನವಾಗಿದೆ. ಉಳಿದ ಏಳು ಮ್ಯಾಚಿನಲ್ಲಿ ಏನಾಗುತ್ತದೋ ನೋಡಬೇಕು. ಅದು ಬಿಡಿ, ನಿಮ್ಮ ಊರಿನ ಕಾನೂನು ಏನು? ಹೊಸ ಕೋಚಿಗೆ, ಹೊಸ ಮೇಷ್ಟ್ರಿಗೆ, ಹೊಸ ಅಳಿಯನಿಗೆ ಎಷ್ಟು ಮ್ಯಾಚು ಕೊಡುತ್ತೀರಿ? ನೀವೇ ಹೊಸಬರಾಗಿದ್ದಾಗ ನಿಮಗೋಸ್ಕರ ಸುಮ್ಮನೆ ಕಾಲು ಹಿಡಿದುಕೊಂಡು ಬಿದ್ದವರು ಯಾರಾದರೂ ಇದ್ದರಾ? ಕೆಳಗೆ ಬರೆಯಿರಿ. ಬೈಯುವುದಿದ್ದರೂ ಬರೆಯಿರಿ, ನನಗೀಗ ಅಭ್ಯಾಸವಾಗಿದೆ.